ಬೋರರ್ ಪುಸ್ತಕ

ಅರೇಬಿಕಾ ಗಿಡ ಇಟ್ಟುಕೊಂಡವರ ಮನೆಯಲ್ಲಿ ವರ್ಷಕ್ಕೆ ಎರಡು ಸಲ ಒಂದು ಧಾವಂತ ಶುರುವಾಗುತ್ತದೆ. ಮಾರ್ಚ್ ಕಳೆಯುವುದರೊಳಗೆ ಒಮ್ಮೆ, ಸೆಪ್ಟೆಂಬರ್ ಕಳೆಯುವುದರೊಳಗೆ ಇನ್ನೊಮ್ಮೆ. ಏಪ್ರಿಲ್, ಮೇ ತಿಂಗಳಲ್ಲಿ ಒಂದು ಸರ್ತಿ, ಮತ್ತೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಇನ್ನೊಂದು ಸರ್ತಿ ಬಿಳಿ ಕಾಂಡಕೊರಕದ ದುಂಬಿ ಗಿಡದೊಳಗಿಂದ ಹೊರಬಿದ್ದು ಹಾರುತ್ತದೆ. ಅದು ಹಾರುವ ಮೊದಲೇ ಅದು ಮನೆ ಮಾಡಿದ ಗಿಡವನ್ನು ಪತ್ತೆ ಹಚ್ಚಬೇಕು, ಬುಡಸಮೇತ ಕೀಳಬೇಕು, ಸುಡಬೇಕು. ನಮ್ಮ ಕಡೆ ಇದಕ್ಕೆ ‘ಬೋರರ್ ಹುಡುಕೋದು’ ಅನ್ನುತ್ತಾರೆ. ಹೂಮಳೆ ತಡವಾದರೆ ತಾಳಿಕೊಳ್ಳಬಹುದು, ಗೊಬ್ಬರ ಒಂದು ಕಂತು ತಪ್ಪಿದರೂ ತೋಟ ಹೇಗೋ ಸುಧಾರಿಸಿಕೊಳ್ಳುತ್ತದೆ. ಬೋರರ್ ಹುಡುಕುವುದು ತಪ್ಪಿದರೆ ಮಾತ್ರ ಅದರ ಪರಿಣಾಮ ಕಾಣುವುದು ಮಾರನೇ ವರ್ಷ. ಆಗ ಕಂಡು ಮಾಡುವುದೇನೂ ಉಳಿದಿರುವುದಿಲ್ಲ.

ಆಲ್ದೂರಿನಿಂದ ಬಾಳೆಹೊನ್ನೂರಿನ ಕಡೆ ಹೋಗುವ ರಸ್ತೆಯಿಂದ ಒಳಗೆ, ಒಂದು ಗುಡ್ಡದ ಎರಡು ಮಗ್ಗುಲಿಗೆ ಹಬ್ಬಿದ ಸಣ್ಣ ತೋಟ ನಮ್ಮದು. ಎಸ್ಟೇಟ್ ಅಂತ ಕರೆಸಿಕೊಳ್ಳುವಷ್ಟು ದೊಡ್ಡದಲ್ಲ, ರೈಟರ್ ಇಟ್ಟುಕೊಳ್ಳುವಷ್ಟು ಆದಾಯವೂ ಇಲ್ಲ. ಹಾಗಾಗಿ ಆಳಿನ ಲೆಕ್ಕ, ಗೊಬ್ಬರದ ಲೆಕ್ಕ, ಕೊಯ್ಲಿನ ಲೆಕ್ಕ ಎಲ್ಲ ಅಪ್ಪಯ್ಯನೇ ಬರೆಯುತ್ತಿದ್ದರು. ಅವುಗಳ ಜೊತೆಗೆ ಕೆಂಪು ರಟ್ಟಿನ ಇನ್ನೊಂದು ಉದ್ದ ಪುಸ್ತಕ ಇತ್ತು. ಅದರಲ್ಲಿ ಬೇರೇನೂ ಇರಲಿಲ್ಲ. ಎಡಗಡೆ ತೋಟದ ಒಂದೊಂದು ಭಾಗದ, ಅಂದರೆ ಪಟ್ಟೆಯ ಹೆಸರು: ಬಸರಿಮರದ ಪಟ್ಟೆ, ಕೆರೆಪಟ್ಟೆ, ಮೇಲಿನ ಪಟ್ಟೆ, ಪಡುವಣ ಪಟ್ಟೆ. ಬಲಗಡೆ ಆ ಸಲ ಕಿತ್ತ ಗಿಡಗಳ ಸಂಖ್ಯೆ. ನಡುವೆ ಕೆಲವೊಮ್ಮೆ ಒಂದೆರಡು ಮಾತು: ‘ಹಾಲುವಾಣ ಬಿತ್ತು’, ‘ಎಳೆ ಗಿಡ ಜಾಸ್ತಿ’, ‘ಆಳು ಸಿಗಲಿಲ್ಲ’. ಅಮ್ಮ ಅದಕ್ಕೆ ಬೋರರ್ ಪುಸ್ತಕ ಅನ್ನುತ್ತಿದ್ದಳು. ಅಪ್ಪಯ್ಯ ತೀರಿಕೊಂಡ ಮೇಲೆ ತಮ್ಮ ಅದನ್ನು ಮುಂದುವರಿಸಿದ. ನಾನು ಊರು ಬಿಟ್ಟವನು, ರಜೆಗೆ ಹೋದಾಗ ಓದುವವನು. ಈ ಬರಹಕ್ಕೆ ಆಧಾರ ಆ ಪುಸ್ತಕ, ಮತ್ತು ಚಿಕ್ಕವನಿದ್ದಾಗ ಬೋರರ್ ಹುಡುಕುವವರ ಹಿಂದೆ ಹಿಂದೆ ತಿರುಗಿದ ನೆನಪು.

ಬೋರರ್ ಅಂದಾಗ ಬಯಲುಸೀಮೆಯ ಸ್ನೇಹಿತರು ಕಾಯಿಕೊರಕ ಅಂದುಕೊಳ್ಳುತ್ತಾರೆ. ಅದು ಬೇರೆ. ಕಾಯಿಕೊರಕ ಹೊರಗಿನಿಂದ ಬಂದದ್ದು, 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡಿತು. ಕಾಂಡಕೊರಕ ಹಾಗಲ್ಲ, ಅದು ಇಲ್ಲಿಯದೇ. ಕಾಫಿ ಈ ಗುಡ್ಡಗಳಿಗೆ ಬರುವ ಮೊದಲೂ ಯಾವುದೋ ಕಾಡುಮರದಲ್ಲಿ ಬದುಕಿಕೊಂಡಿದ್ದಿರಬೇಕು. ನಾವು ಬೆಟ್ಟಬೆಟ್ಟವೇ ಅದಕ್ಕೆ ಬೇಕಾದ ಗಿಡ ನೆಟ್ಟು ಕೊಟ್ಟೆವು.

ದುಂಬಿ ನೋಡಲು ಚೆಂದವೇ. ಒಂದರಿಂದ ಎರಡು ಸೆಂಟಿಮೀಟರ್ ಉದ್ದ, ತೆಳ್ಳಗಿನ ಕಪ್ಪು ಮೈ, ರೆಕ್ಕೆಯ ಮೇಲೆ ಬೂದುಬಿಳಿ ಪಟ್ಟೆಗಳು. ಅದರಲ್ಲೊಂದು ಪಟ್ಟೆ ತಲೆಕೆಳಗಾದ ಇಂಗ್ಲಿಷಿನ ‘ವಿ’ ಆಕಾರದಲ್ಲಿರುತ್ತದೆ, ಗುರುತು ಹಿಡಿಯಲು ಅದೇ ಸಾಕು. ಮೋಡ ಮುಚ್ಚಿದ ದಿನ ಎಲ್ಲೋ ಅಡಗಿ ಕೂತಿರುತ್ತದೆ. ಬಿಸಿಲು ಚೆನ್ನಾಗಿ ಬಿದ್ದ ಹೊತ್ತಿನಲ್ಲಿ ಕಾಂಡದ ಮೇಲೆ ಸರಸರ ಓಡಾಡುತ್ತದೆ. ಹೆಣ್ಣು ದುಂಬಿ ಬೊಡ್ಡೆಯ ಮೇಲಿನ, ದಪ್ಪ ರೆಂಬೆಗಳ ಮೇಲಿನ ತೊಗಟೆಯ ಬಿರುಕಿನಲ್ಲಿ ಐವತ್ತರಿಂದ ನೂರು ಮೊಟ್ಟೆ ಇಡುತ್ತದೆ. ಬಿಸಿಲು ಬೀಳುವ ಕಾಂಡವೇ ಅದಕ್ಕೆ ಇಷ್ಟ. ಹತ್ತು ದಿನಕ್ಕೆ ಮರಿಹುಳು ಹೊರಬಂದು ತೊಗಟೆಯ ಕೆಳಗೇ ಮೇಯಲು ಶುರುಮಾಡುತ್ತದೆ. ಸುಮಾರು ಎರಡು ತಿಂಗಳು ಅಲ್ಲೇ. ಆಮೇಲೆ ಗಟ್ಟಿ ಮರದೊಳಕ್ಕೆ ಇಳಿದು ಮೇಲೆ, ಕೆಳಗೆ, ಅಡ್ಡ, ಕೆಲವೊಮ್ಮೆ ಬೇರಿನವರೆಗೂ ಕೊರೆಯುತ್ತ ಹೋಗುತ್ತದೆ. ಹುಳುವಾಗಿ ಒಂಬತ್ತು ಹತ್ತು ತಿಂಗಳು, ಕಾಂಡದ ಅಂಚಿಗೆ ಬಂದು ಕೋಶವಾಗಿ ಒಂದು ತಿಂಗಳು. ನಂತರ ದುಂಡಗಿನ ತೂತು ಕೊರೆದು ಆಚೆಗೆ. ಆ ತೂತು ಕಂಡಿತೆಂದರೆ ದುಂಬಿ ಹೋಗಿಯಾಗಿದೆ ಅಂತ ಅರ್ಥ.

ಇದರ ಕಷ್ಟ ಇರುವುದು ಇಲ್ಲೇ. ಕೆಂಪು ಕೊರಕ ಅಂತ ಇನ್ನೊಂದಿದೆ, ಅದು ಪತಂಗದ ಹುಳು. ಅದು ಕೊರೆದರೆ ಗಿಡದ ಬುಡದಲ್ಲಿ ಗುಳಿಗೆ ಗುಳಿಗೆಯಾಗಿ ಹಿಕ್ಕೆ ಉದುರಿರುತ್ತದೆ, ಕುರುಡನಿಗೂ ತಿಳಿಯುತ್ತದೆ. ಬಿಳಿ ಕಾಂಡಕೊರಕ ಒಂದು ಚಿಟಿಕೆ ಪುಡಿಯನ್ನೂ ಹೊರಗೆ ಹಾಕುವುದಿಲ್ಲ. ತಿಂದದ್ದನ್ನೆಲ್ಲ ತನ್ನ ಹಿಂದಿನ ಸುರಂಗಕ್ಕೇ ಗಿಡಿದು ತುಂಬುತ್ತ ಮುಂದೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಗಿಡ ನಿಂತಿದೆ, ಹಸಿರಾಗಿದೆ, ಕಾಯಿಯೂ ಕಟ್ಟಿದೆ. ಏಳೆಂಟು ವರ್ಷದ ಎಳೆ ಗಿಡವಾದರೆ ಒಂದೇ ವರ್ಷಕ್ಕೆ ಮುಗಿಯಿತು. ಹಳೆಯ ದಪ್ಪ ಬೊಡ್ಡೆಯ ಗಿಡ ಕೆಲವು ವರ್ಷ ಎಳೆದಾಡುತ್ತದೆ. ಹಾಗೆ ಎಳೆದಾಡುವಷ್ಟು ದಿನವೂ ಸುತ್ತಲಿನ ಗಿಡಗಳಿಗೆ ದುಂಬಿ ಹಂಚುತ್ತಿರುತ್ತದೆ.

ನಮ್ಮ ತೋಟದ ಮೇಸ್ತ್ರಿ ಘಟ್ಟದ ಕೆಳಗಿನವನು, ತುಳು ಮನೆಮಾತು. ಬೋರರ್ ಹುಡುಕುವುದರಲ್ಲಿ ಅವನಿಗೆ ಸುತ್ತಲ ತೋಟಗಳಲ್ಲೆಲ್ಲ ಹೆಸರಿತ್ತು. ನಿಜವಾದ ಕಣ್ಣು ಇದ್ದದ್ದು ಅವನ ಹೆಂಡತಿಗೆ. ಎಲ್ಲರೂ ಅವಳನ್ನು ಮೇಸ್ತ್ರಮ್ಮ ಅನ್ನುತ್ತಿದ್ದರು. ಕೆಲಸ ಅವಳದು, ಹೆಸರು ಅವನದು, ಹತ್ತು ರೂಪಾಯಿ ಹೆಚ್ಚಿನ ಸಂಬಳವೂ ಅವನಿಗೇ. ಅಪ್ಪಯ್ಯನಿಗೆ ಇದು ಗೊತ್ತಿತ್ತು. ಮೇಸ್ತ್ರಮ್ಮನಿಗೆ ಜ್ವರ ಬಂದ ದಿನ ಬೋರರ್ ಹುಡುಕುವ ಕೆಲಸವನ್ನೇ ನಿಲ್ಲಿಸಿ ಬೇರೆ ಕೆಲಸಕ್ಕೆ ಆಳುಗಳನ್ನು ಕಳಿಸುತ್ತಿದ್ದರು. ಆದರೂ ಸಂಬಳದ ವಿಷಯ ಹಾಗೇ ನಡೆದುಕೊಂಡು ಹೋಯಿತು.

ಅವಳು ಬೆಳಗಿನ ಹೊತ್ತೇ ಹುಡುಕುತ್ತಿದ್ದಳು. ಸಾಲಿನ ಒಂದು ತುದಿಯಲ್ಲಿ ನಿಂತು ಮೊದಲು ಸುಮ್ಮನೆ ನೋಡುವುದು. ಮಧ್ಯಾಹ್ನದ ಬಿಸಿಲಿಗೆ ಎಲ್ಲ ಗಿಡವೂ ಸ್ವಲ್ಪ ಎಲೆ ಇಳಿಬಿಡುತ್ತದೆ. ಬೆಳಗ್ಗೆಯೇ ಎಲೆ ಇಳಿಬಿಟ್ಟ ಗಿಡ ಇದ್ದರೆ ಅದರ ಹತ್ತಿರ ಹೋಗುತ್ತಿದ್ದಳು. “ಇದ್ರ ಹಸಿರು ಸರಿ ಇಲ್ಲ ಸಣ್ಣಯ್ಯ” ಅನ್ನುವಳು. ನನಗೆ ಎಲ್ಲ ಹಸಿರೂ ಒಂದೇ ಆಗಿ ಕಾಣುತ್ತಿತ್ತು. ಆಮೇಲೆ ಕೂತು, ಬುಡದ ತರಗು ಸರಿಸಿ, ಹೆಬ್ಬೆರಳನ್ನು ಕಾಂಡದ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆಯುತ್ತಿದ್ದಳು. ತೊಗಟೆಯ ಕೆಳಗೆ ಹುಳು ಮೇಯ್ದ ದಾರಿ ಹೊರಗೆ ಏರಾಗಿ ಉಬ್ಬಿರುತ್ತದೆ, ಮುದುಕರ ಕೈಮೇಲಿನ ನರದ ಹಾಗೆ, ಕಾಂಡವನ್ನು ಸುತ್ತಿಕೊಂಡು. ಎಷ್ಟೋ ಸಲ ಅದು ಕಣ್ಣಿಗೆ ಕಾಣದೆ ಬೆರಳಿಗೆ ಮಾತ್ರ ಸಿಗುತ್ತದೆ. ಅನುಮಾನ ಬಂದರೆ ಆ ಏರಿನ ಮೇಲೆ ಕತ್ತಿಯ ಮೊನೆಯಿಂದ ಚೂರೇ ಚೂರು ಕೆರೆದು ನೋಡುವುದು. ಪುಡಿ ತುಂಬಿದ ಗೆರೆ ಕಂಡರೆ ಸುಣ್ಣದ ಗುರುತು ಹಾಕುವುದು. ಕಾಣದಿದ್ದರೆ ಕೆರೆದ ಜಾಗಕ್ಕೆ ಒಂದಿಷ್ಟು ಸಗಣಿ ಬಳಿದು ಮುಂದಿನ ಗಿಡ.

ಗಿಡ ಹಳದಿಯಾದದ್ದೆಲ್ಲ ಬೋರರ್ ಅಲ್ಲ ಅನ್ನುವುದನ್ನೂ ನಾನು ಕಲಿತದ್ದು ಅವಳಿಂದಲೇ. ತಗ್ಗಿನಲ್ಲಿ ಹತ್ತಾರು ಗಿಡ ಒಟ್ಟಿಗೆ ಹಳದಿಯಾದರೆ ಅದು ಶೀತ, ಬಸಿಗಾಲುವೆ ಹೂಳಿದೆ. ಮುರಿದುಬೀಳುವಷ್ಟು ಕಾಯಿ ಹಿಡಿದ ಮಾರನೇ ವರ್ಷ ರೆಂಬೆ ತುದಿಯಿಂದ ಒಣಗಿ ಬಂದರೆ ಅದು ಗಿಡದ ಆಯಾಸ. ಹಳೆಯ ಕುಂಟೆ ಕೊಳೆತ ಜಾಗದ ಸುತ್ತ ಒಂದೊಂದೇ ಸಾಯುತ್ತ ಬಂದರೆ ಬೇರುರೋಗ. ಅಲ್ಲಿ ಗಿಡ ಕಿತ್ತು ಬೇರು ನೋಡಬೇಕು. ಬೋರರ್ ಹಿಡಿದದ್ದು ಹೀಗೆ ಗುಂಪಾಗಿ ಬರುವುದಿಲ್ಲ. ಚೆನ್ನಾಗಿರುವ ನಾಲ್ಕು ಗಿಡದ ನಡುವೆ ಒಂದು ಬಾಡಿರುತ್ತದೆ, ಅದರ ಕಾಂಡದ ಮೇಲೆ ಏರು ಇರುತ್ತದೆ. ಏರು ಇಲ್ಲದಿದ್ದರೆ ಅದನ್ನು ಬೋರರ್ ಗಿಡ ಅಂತ ಕೀಳಲು ಅವಳು ಬಿಡುತ್ತಿರಲಿಲ್ಲ. ಫಸಲು ಕೊಡುವ ಒಂದು ಅರೇಬಿಕಾ ಗಿಡ ಆಗಬೇಕಾದರೆ ಸಸಿಯಿಂದ ನಾಲ್ಕು ವರ್ಷ ಕಾಯಬೇಕು. ಸುಮ್ಮನೆ ಕಿತ್ತರೆ ಅಷ್ಟೂ ಹೋದಂತೆ.

ಗುರುತು ಹಾಕಿದ ಗಿಡವನ್ನು ಗಂಡಾಳುಗಳು ಹಾರೆ ಹಾಕಿ ಎಬ್ಬುತ್ತಿದ್ದರು. ಹೆಚ್ಚು ಕೊರೆದಿದ್ದರೆ ಹಾರೆಯೂ ಬೇಡ, ತಳ್ಳಿದರೆ ಸಾಕು, ಬೊಡ್ಡೆಯಲ್ಲೇ ಲಟಕ್ಕೆಂದು ಮುರಿಯುತ್ತಿತ್ತು. ಮುರಿದಲ್ಲಿ ಮರದ ಬಣ್ಣ ಇರುತ್ತಿರಲಿಲ್ಲ, ಬರೀ ಪುಡಿ. ಸೀಳಿದರೆ ತಲೆಯ ಕಡೆ ಅಗಲವಾಗಿ ಬಾಲದ ಕಡೆ ಸಣ್ಣಗಾದ ಹಳದಿ ಮಿಶ್ರಿತ ಬಿಳಿ ಹುಳು. ನಾವು ಹುಡುಗರು ಅದನ್ನು ಆರಿಸಿ ಕೋಳಿಗೆ ಹಾಕುತ್ತಿದ್ದೆವು.

ಕಿತ್ತ ಗಿಡವನ್ನು ಏನು ಮಾಡುವುದು ಅನ್ನುವುದೇ ಪ್ರತಿ ಸಲದ ಜಗಳ. ಕಾಫಿ ಬೊಡ್ಡೆ ಒಳ್ಳೆಯ ಸೌದೆ. ಆಳುಗಳ ಲೈನಿನ ಹೆಂಗಸರು ಸಂಜೆ ಹೊರೆ ಕಟ್ಟಿ ಒಯ್ಯುತ್ತಿದ್ದರು, ಒಲೆಯ ಹಿಂದೆ ಒಟ್ಟುತ್ತಿದ್ದರು. ಮಳೆಗಾಲಕ್ಕೆ ಅಂತ ಒಟ್ಟಿದ ಆ ಸೌದೆಯ ಒಳಗೇ ಹುಳು ಬೆಳೆದು, ಕೋಶವಾಗಿ, ಹಾರುವ ಕಾಲಕ್ಕೆ ಸರಿಯಾಗಿ ದುಂಬಿಯಾಗಿ ಹೊರಬರುತ್ತಿತ್ತು. ಗಿಡ ಕಿತ್ತರೂ ಹುಳ ಸಾಯುವುದಿಲ್ಲ ಅನ್ನುವುದು ನಂಬಲು ಕಷ್ಟದ ಮಾತು. ಲೈನಿನ ಹತ್ತಿರದ ಕೆರೆಪಟ್ಟೆಯಲ್ಲಿ ಯಾವಾಗಲೂ ಲೆಕ್ಕ ಒಂದು ತೂಕ ಜಾಸ್ತಿ ಇರುತ್ತಿದ್ದುದಕ್ಕೆ ಇದೇ ಕಾರಣ ಅಂತ ಅಪ್ಪಯ್ಯನ ವಾದ. ಸುಟ್ಟುಬಿಡಿ ಅಂದರೆ ಆ ಹೆಂಗಸರಿಗೆ ಹೊಟ್ಟೆ ಉರಿಯುತ್ತಿತ್ತು, ಅದು ನ್ಯಾಯವೇ. ಕಡೆಗೆ ಕಾಫಿ ಬೋರ್ಡಿನವರು ಹೇಳಿದ ಒಂದು ಉಪಾಯ ಇಬ್ಬರಿಗೂ ಒಪ್ಪಿತವಾಯಿತು. ಕತ್ತರಿಸಿದ ಬೊಡ್ಡೆಗಳನ್ನು ವಾರ ಹತ್ತು ದಿನ ಕೆರೆಯಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ಆಮೇಲೆ ಎತ್ತಿ ಒಣಗಿಸಿ ಒಯ್ಯುವುದು. ಹುಳು ಒಳಗೇ ಸಾಯುತ್ತದೆ, ಸೌದೆಯೂ ಉಳಿಯುತ್ತದೆ. ಕೆರೆಯ ನೀರು ಕೆಲವು ದಿನ ಕಪ್ಪು ಕಷಾಯದ ಬಣ್ಣಕ್ಕೆ ತಿರುಗುತ್ತಿತ್ತು, ದನ ಮೂಸಿ ಹಿಂದೆ ಸರಿಯುತ್ತಿದ್ದವು.

ಔಷಧಿಯ ಕಾಲವೂ ನೆನಪಿದೆ. ಬಿ.ಎಚ್.ಸಿ. ಪುಡಿಯನ್ನು ನೀರಿಗೆ ಕಲಸಿ, ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ಒಂದೊಂದೇ ಗಿಡದ ಬೊಡ್ಡೆಗೆ ಒರೆಸುವುದು. ಬರಿಗೈಯಲ್ಲೇ. ಮೇಸ್ತ್ರಮ್ಮ, ಮತ್ತವಳ ಜೊತೆಯ ಹೆಂಗಸರು ಆ ಕೈಯನ್ನೇ ಸೀಗೆಪುಡಿಯಲ್ಲಿ ತೊಳೆದು ಬುತ್ತಿ ಬಿಚ್ಚುತ್ತಿದ್ದರು. ಆ ಘಾಟು ವಾಸನೆ ಸೀರೆ ಒಗೆದರೂ ಹೋಗುತ್ತಿರಲಿಲ್ಲ. 1997ರಲ್ಲಿ ಬಿ.ಎಚ್.ಸಿ. ನಿಷೇಧವಾಯಿತು. ಅದರದೇ ಶುದ್ಧರೂಪವಾದ ಲಿಂಡೇನ್ ಅನ್ನೇ ಆಮೇಲೆ ನೆಚ್ಚಿಕೊಂಡೆವು. 2013ರ ಮಾರ್ಚ್‌ನಿಂದ ಅದನ್ನು ಬಳಸುವುದೂ ನಿಂತಿತು. ಈಗ ಕ್ಲೋರ್‌ಪೈರಿಫಾಸ್ ಮಿಶ್ರಣ ಬಳಸುವವರಿದ್ದಾರೆ. ಹೆಸರು ಯಾವುದಾದರೂ ಇವೆಲ್ಲ ಕೆಲಸ ಮಾಡುವುದು ತೊಗಟೆಯ ಮೇಲೆ ಮಾತ್ರ. ಮೊಟ್ಟೆಗೆ, ಆಗ ತಾನೇ ಹೊರಬಂದ ಮರಿಗೆ ತಾಗಿದರೆ ತಾಗಿತು. ಹುಳು ಒಮ್ಮೆ ಮರದೊಳಕ್ಕೆ ಇಳಿದ ಮೇಲೆ ಹೊರಗೆ ಏನು ಬಳಿದರೂ ಅದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಔಷಧಿ ಅಂಗಡಿಯವನು ಇದನ್ನು ಹೇಳುವುದಿಲ್ಲ. ಡಬ್ಬಿ ಕೊಂಡವನು ಹುಡುಕುವ ಕೆಲಸದಲ್ಲಿ ಎರಡು ಆಳು ಉಳಿಸಿದೆ ಅಂದುಕೊಂಡು ಬರುತ್ತಾನೆ. ನನ್ನ ಲೆಕ್ಕದಲ್ಲಿ ಔಷಧಿಯಿಂದ ಆದ ದೊಡ್ಡ ನಷ್ಟ ಇದೇ, ಹುಡುಕುವ ಕಣ್ಣುಗಳಿಗೆ ಕೆಲಸ ತಪ್ಪಿತು.

ಇದಕ್ಕಿಂತ ತೊಗಟೆ ತಿಕ್ಕುವ ಕೆಲಸವೇ ನನಗೆ ಹೆಚ್ಚು ನಂಬಿಕೆಯದು. ಹಾರುವ ಕಾಲಕ್ಕೆ ಮುಂಚೆ ತೆಂಗಿನ ನಾರಿನ ಗ್ಲೌಸು ಹಾಕಿಕೊಂಡು, ಅದಿಲ್ಲದಿದ್ದರೆ ತೆಂಗಿನ ಸಿಪ್ಪೆ ಹಿಡಿದು, ಬೊಡ್ಡೆಯ ಮೇಲಿನ ಸಡಿಲ ತೊಗಟೆ ಉದುರಿಸುವುದು. ಕತ್ತಿಯಿಂದ ಹೆರೆಯಬಾರದು, ಗಾಯವಾಗುತ್ತದೆ. ನುಣುಪಾದ ಕಾಂಡದಲ್ಲಿ ಮೊಟ್ಟೆ ಇಡಲು ಬಿರುಕೇ ಸಿಗುವುದಿಲ್ಲ. ಸುಣ್ಣವೂ ಇದೇ ದಾರಿಯದು. ಇನ್ನೂರು ಲೀಟರ್ ನೀರಿಗೆ ಇಪ್ಪತ್ತು ಕಿಲೋ ಸುಣ್ಣ, ಅಂಟಲು ಸ್ವಲ್ಪ ಗೋಂದು, ಬೊಡ್ಡೆ ಮತ್ತು ದಪ್ಪ ರೆಂಬೆಗಳಿಗೆ ಹೊಡೆಯುವುದು. ಸುಣ್ಣ ಬಳಿದ ವರ್ಷ ನಮ್ಮ ಮೇಲಿನ ಪಟ್ಟೆ ಮದುವೆ ಚಪ್ಪರದ ಕಂಬ ನಿಲ್ಲಿಸಿದಂತಿದೆ ಅಂತ ಅಮ್ಮ ನಕ್ಕಿದ್ದಳು.

ಬಲೆಗಳ ವಿಷಯದಲ್ಲಿ ನನಗೂ ತಮ್ಮನಿಗೂ ಒಮ್ಮತವಿಲ್ಲ. ಈ ದುಂಬಿಯಲ್ಲಿ ಗಂಡು ಸೂಸುವ ವಾಸನೆಗೆ ಹೆಣ್ಣು ಬರುತ್ತದೆ. ಆ ವಾಸನೆಯನ್ನು ಕೃತಕವಾಗಿ ಮಾಡಿ, ಅಡ್ಡಡ್ಡ ಹಲಗೆಯ ಬಲೆಯಲ್ಲಿಟ್ಟು, ಹೆಕ್ಟೇರಿಗೆ ಇಪ್ಪತ್ತೈದರಂತೆ ತೋಟದಲ್ಲಿ ನಿಲ್ಲಿಸುತ್ತಾರೆ. ತಮ್ಮ ಮೊದಲ ವರ್ಷ ಬಹಳ ಹುರುಪಿನಿಂದ ಹಾಕಿಸಿದ. ಬೆಳಗ್ಗೆ ಎದ್ದು ಬಲೆ ನೋಡುವುದೇ ಅವನ ಮೊದಲ ಕೆಲಸ. ಬಿದ್ದದ್ದು ಬೆರಳೆಣಿಕೆಯಷ್ಟು. ದುಂಬಿ ಹಾರಲು ಶುರುವಾಯಿತು ಅಂತ ತಿಳಿಯಲು ಬಲೆ ಒಳ್ಳೆಯದು, ದುಂಬಿಯನ್ನು ಮುಗಿಸಲು ಅದನ್ನೇ ನಂಬುವಂತಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಂದು ಹೆಣ್ಣು ಬಿದ್ದರೆ ನೂರು ಮೊಟ್ಟೆ ಕಮ್ಮಿ ಆಯಿತಲ್ಲ ಅನ್ನುವುದು ಅವನದು. ತೋಟದಲ್ಲಿ ದಿನಾ ಇರುವವನು ಅವನು, ಹಾಗಾಗಿ ಬಲೆ ಈಗಲೂ ಇದೆ.

ಮತ್ತೆ ಪುಸ್ತಕಕ್ಕೆ ಬರುತ್ತೇನೆ. ಎಷ್ಟೋ ವರ್ಷ ಅದರ ಸಂಖ್ಯೆಗಳು ಒಂದಂಕಿ, ಎರಡಂಕಿಯಲ್ಲಿ ಆಡುತ್ತವೆ. ಪಡುವಣ ಪಟ್ಟೆಯಲ್ಲಿ ಯಾವಾಗಲೂ ಜಾಸ್ತಿ, ಇಳಿಹೊತ್ತಿನ ಬಿಸಿಲು ಅಲ್ಲಿಗೆ ನೇರ ಬೀಳುತ್ತದೆ. ಬಸರಿಮರದ ಪಟ್ಟೆಯಲ್ಲಿ ಎಷ್ಟೋ ಸಲ ಸೊನ್ನೆ. ಎರಡಕ್ಕೂ ಒಂದೇ ಎಸ್. 795 ತಳಿ, ಒಂದೇ ಗೊಬ್ಬರ, ಹುಡುಕಿದ್ದೂ ಅದೇ ಮೇಸ್ತ್ರಮ್ಮ. ಬದಲಿದ್ದದ್ದು ಮೇಲಿನ ಮರ. ಬಸರಿಮರದ ಪಟ್ಟೆಯಲ್ಲಿ ಬಸರಿ, ಅತ್ತಿ, ಗೋಣಿ, ಹಲಸು ಎತ್ತರದಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದವು, ಕೆಳಗೆ ಹಾಲುವಾಣ ಎರಡನೇ ನೆರಳು ಕೊಡುತ್ತಿತ್ತು. ಬಿಸಿಲು ನೆಲಕ್ಕೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತಿತ್ತೇ ಹೊರತು ಕಾಂಡದ ಮೇಲೆ ನಿಲ್ಲುತ್ತಿರಲಿಲ್ಲ.

ಹಾಗಂತ ನೆರಳು ಹೆಚ್ಚಿದ್ದಷ್ಟೂ ಒಳ್ಳೆಯದು ಅಂತಲ್ಲ. ನೆರಳು ಮಿತಿಮೀರಿದರೆ ಫಸಲು ಇಳಿಯುತ್ತದೆ. ಮಳೆಗಾಲದಲ್ಲಿ ಎಲೆ, ಕಾಯಿ ಕಪ್ಪಾಗಿ ಕೊಳೆತು ನೂಲಿನಲ್ಲಿ ಜೋತಾಡುವ ಕೊಳೆರೋಗ ಬರುತ್ತದೆ. ಅದಕ್ಕೇ ವರ್ಷವರ್ಷ ಮರಗಸಿ. ಮರಗಸಿ ಮಾಡಿಸುವುದು ತೋಟಗಾರಿಕೆಯ ಅತ್ಯಂತ ಸೂಕ್ಷ್ಮ ಕೆಲಸ ಅಂತ ನಾನು ಈಗಲೂ ನಂಬುತ್ತೇನೆ. ಮರ ಹತ್ತಿದವನು ಒಂದು ಕೊಂಬೆ ಹೆಚ್ಚು ಕಡಿದರೆ ದುಂಬಿಗೆ ಬಾಗಿಲು ತೆಗೆದಂತೆ, ಒಂದು ಕೊಂಬೆ ಕಮ್ಮಿ ಕಡಿದರೆ ಬೂಷ್ಟಿಗೆ. ಅಪ್ಪಯ್ಯ ಕೆಳಗೆ ನಿಂತು ಕತ್ತು ನೋಯುವವರೆಗೆ ಮೇಲೆ ನೋಡುತ್ತ ಕೂಗುತ್ತಿದ್ದರು. ಮೇಲಿದ್ದವನಿಗೆ ಅರ್ಧ ಕೇಳುತ್ತಿರಲಿಲ್ಲ.

ಪುಸ್ತಕದ ಸಂಖ್ಯೆ ಮೂರಂಕಿಗೆ ಹೋದದ್ದು 2000ದ ನಂತರ. ಅದಕ್ಕೆ ಹಿಂದಿನದ್ದನ್ನು ಸ್ವಲ್ಪ ಹೇಳಬೇಕು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಸುಟ್ಟುಹೋದಾಗ ಇಲ್ಲಿ ಬೆಲೆ ಏರಿತು. ಕಾಫಿ ಬೋರ್ಡಿಗೇ ಕೊಡಬೇಕೆಂಬ ಪೂಲಿಂಗ್ ಪದ್ಧತಿ ಅದೇ ಕಾಲಕ್ಕೆ ಸಡಿಲವಾಗುತ್ತ 1996ರ ಹೊತ್ತಿಗೆ ಪೂರ್ತಿ ಹೋಯಿತು. ನಮ್ಮಂಥವರ ಕೈಯಲ್ಲೂ ಒಂದಿಷ್ಟು ದುಡ್ಡು ಓಡಾಡಿತು. ಮನೆಗೆ ಹೆಂಚು ಬದಲಾಯಿತು, ಸೆಕೆಂಡ್ ಹ್ಯಾಂಡ್ ಜೀಪು ಬಂತು, ಸಾಲವೂ ಧೈರ್ಯದಿಂದ ಬಂತು. ಆಮೇಲೆ ಬೆಲೆ ಬಿತ್ತು. 2001, 2002ರ ಹೊತ್ತಿಗೆ ಕೊಯ್ಲಿನ ಕೂಲಿಯೂ ಹುಟ್ಟದಷ್ಟು ಬಿತ್ತು. ಸಾಲದ ಕಂತು ಹಾಗೇ ಇತ್ತು. ಅಕ್ಕನ ಮದುವೆ ನಿಶ್ಚಯವಾಗಿತ್ತು.

ಆಗ ಎಲ್ಲರ ಕಣ್ಣಿಗೂ ಬಿದ್ದದ್ದು ಸಿಲ್ವರ್ ಓಕ್. ಕಾಡುಮರ ಕಡಿಯಬೇಕಾದರೆ ಅರಣ್ಯ ಇಲಾಖೆಯ ಅಪ್ಪಣೆ ಬೇಕು, ಸಿಲ್ವರ್ ಓಕಿಗೆ ಆ ತೊಡಕಿಲ್ಲ. ಪ್ಲೈವುಡ್ ಕಾರ್ಖಾನೆಯವರ ಲಾರಿ ಗೇಟಿಗೇ ಬರುತ್ತಿತ್ತು, ಅಳೆದು ಅಲ್ಲೇ ದುಡ್ಡು ಎಣಿಸುತ್ತಿದ್ದರು. ಮೇಲಿನ ಪಟ್ಟೆ, ಪಡುವಣ ಪಟ್ಟೆಯ ಓಕುಗಳು ಒಂದೇ ಬೇಸಿಗೆಯಲ್ಲಿ ಹೋದವು. ಮದುವೆ ಚೆನ್ನಾಗಿ ಆಯಿತು. ಆಳಿಗೆ ಕೊಡಲು ದುಡ್ಡಿಲ್ಲದೆ ಆ ಸೆಪ್ಟೆಂಬರಿನಲ್ಲಿ ಬೋರರ್ ಹುಡುಕಿಸಲಿಲ್ಲ. ಮುಂದಿನ ಮಾರ್ಚಿನಲ್ಲೂ ಇಲ್ಲ. ಪುಸ್ತಕದಲ್ಲಿ ಆ ಎರಡು ಸಲಕ್ಕೂ ಪಟ್ಟೆಯ ಹೆಸರುಗಳನ್ನು ಬರೆದಿದ್ದಾರೆ, ಎದುರಿಗೆ ಖಾಲಿ ಬಿಟ್ಟಿದ್ದಾರೆ. ಅದರ ಮುಂದಿನ ಪುಟದಲ್ಲಿ ಪಡುವಣ ಪಟ್ಟೆಯ ಎದುರು ಬರೆದ ಸಂಖ್ಯೆಯನ್ನು ಒಮ್ಮೆ ಹೊಡೆದು, ಮತ್ತೆ ಎಣಿಸಿದವರಂತೆ, ಅದಕ್ಕಿಂತ ದೊಡ್ಡದನ್ನು ಬರೆದಿದ್ದಾರೆ. ಬಸರಿಮರದ ಪಟ್ಟೆಯಲ್ಲಿ ಆಗಲೂ ಎರಡಂಕಿ ದಾಟಿಲ್ಲ. ಮರ ಮಾರಿದ್ದು, ಬೋರರ್ ಬಂದದ್ದು ಎರಡನ್ನೂ ಜೋಡಿಸಿ ಅಪ್ಪಯ್ಯ ಒಂದು ಮಾತೂ ಬರೆದಿಲ್ಲ, ಆಡಿದ್ದೂ ನನಗೆ ನೆನಪಿಲ್ಲ. ಅವರಿಗೆ ತಿಳಿದಿರಲಿಲ್ಲ ಅಂತ ಮಾತ್ರ ನಾನು ಒಪ್ಪುವುದಿಲ್ಲ.

ಸುತ್ತಲಿನ ಎಲ್ಲ ತೋಟಗಳಲ್ಲೂ ಇದೇ ಕಥೆ. ಒಬ್ಬರ ತೋಟದ ದುಂಬಿ ಇನ್ನೊಬ್ಬರ ಬೇಲಿ ದಾಟಲು ಏನೂ ಅಡ್ಡಿಯಿಲ್ಲ. ಹುಡುಕಿಸಿ ಕೀಳಿಸಿದವನೂ ಪಕ್ಕದವನ ಸೋಮಾರಿತನವನ್ನು ಬೈದುಕೊಂಡು ಕೂತ. ಪಕ್ಕದವನು ಸೋಮಾರಿಯಾಗಿರಲಿಲ್ಲ, ಕೈ ಖಾಲಿಯಾಗಿತ್ತು.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಹಳೆಯ ಪುಸ್ತಕಗಳನ್ನು ಹುಡುಕಿ ಓದುವ ಚಟ ಹತ್ತಿತು. ಹಾಗೆ ಸಿಕ್ಕಿದ್ದು ಜಾರ್ಜ್ ಬೀಡಿ ಎಂಬ ವೈದ್ಯಾಧಿಕಾರಿ ಬರೆದ ವರದಿ. 1869ರಲ್ಲಿ ಮದ್ರಾಸಿನಲ್ಲಿ ಅಚ್ಚಾದದ್ದು, ವಿಷಯ ಕಾಫಿ ತೋಟಗಳಲ್ಲಿ ಬೋರರ್ ಮಾಡಿದ ಹಾವಳಿ. 1860ರ ದಶಕದ ಕೊನೆಯಲ್ಲಿ ಕೊಡಗು, ಮೈಸೂರು, ವಯನಾಡಿನ ತೋಟಗಳು ಈ ಹುಳಕ್ಕೆ ಸಿಕ್ಕಿ ನೆಲ ಕಚ್ಚಿದ್ದವು. ಬಿಳಿಯ ಪ್ಲಾಂಟರುಗಳು ಸಿಲೋನಿನ ಮಾದರಿಯಲ್ಲಿ ಕಾಡನ್ನು ಪೂರ್ತಿ ಸವರಿ, ಸುಟ್ಟು, ಬಯಲು ಮಾಡಿ ಕಾಫಿ ಹಾಕಿದ್ದರು. ಮೊದಲ ವರ್ಷಗಳಲ್ಲಿ ಫಸಲು ಸುರಿಯಿತು, ಆಮೇಲೆ ಬೋರರ್ ಬಂತು. ನೆರಳಿಲ್ಲದ ತೋಟಗಳಿಗೇ ಹೆಚ್ಚು ಪೆಟ್ಟು ಬಿದ್ದದ್ದನ್ನು ಬೀಡಿ ಕಂಡು, ನೆರಳಿನ ಮರ ಬೆಳೆಸಬೇಕೆಂದು ಹೇಳಿದ. ಮಂಜರಾಬಾದ್ ಸೀಮೆಯಲ್ಲಿ, ಅಂದರೆ ಸಕಲೇಶಪುರದ ಕಡೆ, ತೋಟ ಮಾಡಿದ್ದ ರಾಬರ್ಟ್ ಎಲಿಯಟ್ 1894ರಲ್ಲಿ ಮೈಸೂರಿನ ಚಿನ್ನ, ಬೇಟೆ, ಕಾಫಿ ಕೃಷಿಯ ಬಗ್ಗೆ ಬರೆದ ಪುಸ್ತಕದಲ್ಲೂ ನೆರಳಿಗೇ ಪುಟಗಟ್ಟಲೆ ಜಾಗ ಕೊಟ್ಟಿದ್ದಾನೆ. ಚಿಕ್ಕಮಗಳೂರು ಸೀಮೆಯಲ್ಲಿ ಮೊದಲಿನಿಂದ ಇದ್ದ ‘ಚಿಕ್’ ಅನ್ನುವ ಹಳೆಯ ಕಾಫಿ ತಳಿ ಬೋರರ್ ಮತ್ತು ಎಲೆತುಕ್ಕು ರೋಗ ಎರಡಕ್ಕೂ ಸಿಕ್ಕಿ ಹೆಚ್ಚುಕಡಿಮೆ ಇಲ್ಲವಾಯಿತು.

ಇದನ್ನೆಲ್ಲ ಓದಿ ಊರಿಗೆ ಹೋದವನು ಅಪ್ಪಯ್ಯನಿಗೆ ಉತ್ಸಾಹದಿಂದ ಹೇಳಿದೆ. ಅವರು ಕೇಳಿಸಿಕೊಂಡು, “ಆ ದೊರೆಗಳಿಗೂ ಸಾಲ ಇತ್ತೇನೋ ವಿಚಾರಿಸು” ಅಂದರು.

ಎಲಿಯಟ್ಟನ ಕಾಲದಲ್ಲಿ ಪ್ಲಾಂಟರು ತನ್ನ ತೋಟದಲ್ಲಿ ತಾನೇ ಪರೀಕ್ಷೆ ಮಾಡಿಕೊಳ್ಳಬೇಕಿತ್ತು. 1925ರಲ್ಲಿ ಲೆಸ್ಲಿ ಕೋಲ್ಮನ್ ಬಾಳೆಹೊನ್ನೂರಿನ ಹತ್ತಿರ ಮೈಸೂರು ಸಂಸ್ಥಾನದ ಕಾಫಿ ಪ್ರಯೋಗ ಕೇಂದ್ರ ಶುರು ಮಾಡಿದ. ಕೋಲ್ಮನ್ ಕೆನಡಾದವನು, ಕೀಟ ಮತ್ತು ಶಿಲೀಂಧ್ರಗಳನ್ನು ಓದಿದವನು, ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕ. ಆ ಕೇಂದ್ರವೇ ಈಗಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ನಮ್ಮ ಎಸ್. 795 ಅಲ್ಲಿಯದು, ಕಾವೇರಿ, ಚಂದ್ರಗಿರಿ ಅಲ್ಲಿಂದ ಬಂದದ್ದು. ತುಕ್ಕುರೋಗ ತಡೆಯುವ ತಳಿಗಳನ್ನು ಅವರು ಕೊಟ್ಟಿದ್ದಾರೆ. ಕಾಂಡಕೊರಕವನ್ನು ಪೂರ್ತಿ ತಡೆಯುವ ಅರೇಬಿಕಾ ಮಾತ್ರ ಈವರೆಗೆ ನಮ್ಮ ಕೈಗೆ ಬಂದಿಲ್ಲ. ರೋಬಸ್ಟಾಕ್ಕೆ ಈ ಹುಳದ ಕಾಟ ಇಲ್ಲವೆಂದೇ ಹೇಳಬೇಕು. ತಗ್ಗಿನ ಸೀಮೆಯವರು ಒಬ್ಬೊಬ್ಬರಾಗಿ ಅರೇಬಿಕಾ ಕಿತ್ತು ರೋಬಸ್ಟಾ ಹಾಕಿದ್ದಕ್ಕೆ ಬೋರರ್ ಒಂದು ದೊಡ್ಡ ಕಾರಣ. ತಮ್ಮನೂ ಪಡುವಣ ಪಟ್ಟೆ, ಕೆರೆಪಟ್ಟೆಗಳನ್ನು ಹಾಗೆಯೇ ಬದಲಾಯಿಸಿದ. ಅವನನ್ನು ದೂರಲು ನನ್ನ ಹತ್ತಿರ ಕಾರಣವಿಲ್ಲ. ಪಡುವಣ ಪಟ್ಟೆಯ ರೋಬಸ್ಟಾ ಈಗ ಎಲೆ ಕಾಣದ ಹಾಗೆ ಹೂ ಬಿಡುತ್ತದೆ. ಆ ಪಟ್ಟೆಯ ಹೆಸರು ಬೋರರ್ ಪುಸ್ತಕದಿಂದ ಬಿಟ್ಟುಹೋಗಿದೆ.

ಉಳಿದದ್ದು ಮೇಲಿನ ಪಟ್ಟೆ ಮತ್ತು ಬಸರಿಮರದ ಪಟ್ಟೆ. ಮೇಲಿನ ಪಟ್ಟೆಯಲ್ಲಿ ಮತ್ತೆ ಮರ ಎದ್ದಿದೆ, ಈ ಸಲ ಬರೀ ಓಕ್ ಅಲ್ಲ. ತಮ್ಮ ಹಾಲುವಾಣದ ಗೂಟ ನೆಟ್ಟಿದ್ದಾನೆ, ತಾನಾಗಿ ಹುಟ್ಟಿದ ಅತ್ತಿ, ಹಲಸುಗಳನ್ನು ಉಳಿಸಿಕೊಂಡಿದ್ದಾನೆ, ಎಲ್ಲದರ ಮೇಲೂ ಮೆಣಸಿನ ಬಳ್ಳಿ. ಮೆಣಸು ಇರುವ ಮರವನ್ನು ಮಾರಲು ಮನಸ್ಸು ಬರುವುದಿಲ್ಲ. ಬೋರರ್ ತಡೆಯಲು ಇದೂ ಒಂದು ದಾರಿ ಅಂತ ಯಾವ ಕೈಪಿಡಿಯಲ್ಲೂ ಓದಿದ ನೆನಪಿಲ್ಲ. ನಮ್ಮ ತೋಟದಲ್ಲಂತೂ ಇದು ಸಾಲದ ಕಂತಿಗಿಂತ ಬಲವಾದ ಕಾವಲು.

ಮೇಸ್ತ್ರಿ ತೀರಿಕೊಂಡ. ಮೇಸ್ತ್ರಮ್ಮ ಬೆಳ್ತಂಗಡಿಯ ಕಡೆ ಮಗಳ ಮನೆಯಲ್ಲಿದ್ದಾಳೆ. ಲೈನಿನಲ್ಲಿ ಈಗ ಇರುವವರು ಅಸ್ಸಾಮಿನಿಂದ ಬಂದವರು, ವರ್ಷ ಎರಡು ವರ್ಷಕ್ಕೆ ಬದಲಾಗುತ್ತಾರೆ. ಕೊಯ್ಲು, ಗೊಬ್ಬರ ಬೇಗ ಕಲಿಯುತ್ತಾರೆ. ಬೋರರ್ ಹುಡುಕುವುದನ್ನು ಕಲಿಯುವಷ್ಟರಲ್ಲಿ ಇನ್ನೊಂದು ತೋಟಕ್ಕೋ ಕಟ್ಟಡದ ಕೆಲಸಕ್ಕೋ ಹೋಗಿರುತ್ತಾರೆ. ಸೆಪ್ಟೆಂಬರ್ ಅಂದರೆ ಕಳೆ, ಕಂಬಚಿಗುರು, ಗೊಬ್ಬರ ಎಲ್ಲ ಒಟ್ಟಿಗೆ ಬರುವ ತಿಂಗಳು. ಅದು ತಪ್ಪಿದರೆ ಅಕ್ಟೋಬರ್, ನವೆಂಬರಿನಲ್ಲಿ ಹಣ್ಣು ಕಾಯುವುದಿಲ್ಲ, ದುಂಬಿಯೂ ಕಾಯುವುದಿಲ್ಲ. ಎರಡಕ್ಕೂ ಇರುವುದು ಅದೇ ನಾಲ್ಕು ಕೈ.

ಕಳೆದ ಸಲ ನಾನು ಹೋದಾಗ ತಮ್ಮ ಒಬ್ಬ ಅಸ್ಸಾಮಿ ಹುಡುಗಿಗೆ ಹುಡುಕುವುದನ್ನು ಕಲಿಸುತ್ತಿದ್ದ. ಅವನ ಹಿಂದಿ ಅಷ್ಟಕ್ಕಷ್ಟೆ, ಅವಳ ಕನ್ನಡ ಅದಕ್ಕಿಂತ ಕಮ್ಮಿ. ಅವಳ ಹೆಬ್ಬೆರಳನ್ನು ಏರಿನ ಮೇಲೆ ಇಡಿಸಿ, “ಇದು” ಅಂದ. ಅವಳು ಎರಡು ಸಲ ಎಳೆದು ನೋಡಿ ತಲೆ ಆಡಿಸಿದಳು. ಮಧ್ಯಾಹ್ನದ ಹೊತ್ತಿಗೆ ತಮ್ಮ ನೋಡಿ ಬಿಟ್ಟುಬಂದ ಸಾಲಿನಲ್ಲೇ ಅವಳು ಒಂದು ಗಿಡದ ಹತ್ತಿರ ನಿಂತು ಕರೆದಳು. ಹಸಿರಾಗಿತ್ತು, ಕಾಯಿ ತುಂಬಿತ್ತು. ತಮ್ಮ ಬೇಡ ಅಂದ. ಅವಳು ಅಲ್ಲಿಂದ ಅಲುಗಲಿಲ್ಲ. ಕತ್ತಿಯ ಮೊನೆಯಿಂದ ಕೆರೆದು ನೋಡಿದರೆ ಪುಡಿ. ಸಂಬಳವನ್ನು ಎಷ್ಟು ಹೆಚ್ಚಿಸಿದರೆ ಮುಂದಿನ ಮಾರ್ಚಿನವರೆಗೂ ಇರುತ್ತಾಳೆ ಅಂತ ರಾತ್ರಿ ಊಟದ ಹೊತ್ತಿಗೆ ನಾವು ಲೆಕ್ಕ ಹಾಕಿದೆವು. ದುಡ್ಡನ್ನು ಅವಳ ಅಣ್ಣನ ಕೈಗೆ ಕೊಡಬೇಡ, ಅವಳ ಕೈಗೇ ಕೊಡು ಅಂತ ಅಮ್ಮ ಅಡಿಗೆಮನೆಯಿಂದ ಹೇಳಿದಳು.